ನಿವ್ವಳ ತೂಕ

ವಾರದಾಗ ಆರು ದಿನ ನಾ ಗಂಜಿನ ಕಾಟಾದ ಗುಮಾಸ್ತ.
ತೊಗರಿ ಹೇರಿದ ಲಾರಿ ಬಂದು ನಿಲ್ತದ,
ಒಟ್ಟು ತೂಕ ಬರಕೋತೀನಿ.
ಚೀಲ ಇಳಿಸಿ ಹೊಳ್ಳಿ ಬಂದಾಗ
ಖಾಲಿ ಲಾರಿ ತೂಗಿ, ಕಳೀತೀನಿ.
ಉಳಿದದ್ದು ನಿವ್ವಳ. ಉಳಿದದ್ದಕ್ಕಷ್ಟೇ ರೊಕ್ಕ.

ಏಳನೇ ದಿನ ಕೊಳ್ಳಾಗ ಕ್ಯಾಮೆರಾ.
ಮದುವಿ ಫೋಟೊ ಬಿಟ್ಟು ಹಣ್ಣಿನಂಗಡಿ ಇಟ್ಟ ಗಫೂರನ ಕಡಿಂದ
ಕಂತಿನ ಮ್ಯಾಲ ತಗೊಂಡದ್ದು.
ಲೆನ್ಸಿನ ಒಂದು ಮೂಲಿಗೆ ಬೂಜು ಹಿಡದದ,
ಅದಕ್ಕ ನನ್ನ ಎಲ್ಲಾ ಆಕಾಶಕ್ಕೂ
ಬಲಗಡೆ ಒಂದು ಸಣ್ಣ ಮೋಡ.

ಲೂನಾ ಹತ್ತಿ, ಜೇವರ್ಗಿ ರೋಡ್ ಹಿಡದು,
ಭೀಮಾ ದಂಡಿಗೆ, ಫಿರೋಜಾಬಾದ್.
ಊರಿಗಿಂತ ಊರಿನ ಗ್ವಾಡಿ ದೊಡ್ಡದು.
ಕ್ವಾಟಿ ಒಳಗ ಹತ್ತಿ, ಜ್ವಾಳ;
ಯಾವ ಬೇಗಂ ಜಳಕ ಮಾಡಿದ್ದಳೋ ಆ ಗುಮ್ಮಟದಾಗ
ಈಗ ಕಣಿಕಿ ಒಟ್ಟ್ಯಾರ.

ನನಗ ಬೇಕಾದದ್ದು ಒಂದೇ ಒಂದು ಕಮಾನು.
ಗಚ್ಚು ಉದುರಿ ಎಲುಬು ಕಾಣೋ ಹಂಗ ನಿಂತದ್ದು,
ನೆತ್ತಿ ಮ್ಯಾಲ ಒಂದು ಅರಳಿ ಸಸಿ.
ಏಳೂ ಇಪ್ಪತ್ತಕ್ಕ ಬಿಸಲು ಅದರ ಹೊಟ್ಟಿ ಒಳಗ ಬರ್ತದ,
ಏಳೂವರಿಗೆ ಹೋಗ್ತದ.
ಆ ಹತ್ತು ಮಿನಿಟಿನಾಗೇ ಹೀರಾಬಿ
ಅದೇ ಗ್ವಾಡಿಗೆ ಕುಳ್ಳು ಬಡೀತಾಳ.

“ಅಮ್ಮಾ, ಜರಾ ಸರೀರಿ.”
“ನಾ ಯಾಕ ಸರೀಲಿ? ಗ್ವಾಡಿ ನಿಂದೇನು?”
“ಹಂಗಲ್ರಿ, ಬರೇ ಕಮಾನು ಬೇಕು.”
“ಬರೇ ಕಮಾನು ಒಯ್ದು ಏನ್ ಮಾಡ್ತಿ, ಉಪ್ಪಿನಕಾಯಿ ಹಾಕ್ತಿ?”
ಬುಟ್ಟಿ ಎತ್ತಿಕೊಂಡು ಸರೀತಾಳ.
ಬಿಸಲೂ ಸರೀತದ.

ಮೂರು ಚಳಿಗಾಲ ಹಂಗೇ.
ಒಬ್ಬಾಂವ ನನಗ ಸರ್ವೇದವ ಅಂತ ತಿಳದು
ಹೊಲದ ಬದು ಬೆರಳು ಮಾಡಿ ತೋರಿಸಿದ, ಚಾ ತರಿಸಿದ;
ಅಲ್ಲ ಅಂದಮ್ಯಾಲ
ಅರ್ಧ ಕುಡಿದ ಕಪ್ಪು ಹೊಳ್ಳಿ ಇಸಕೊಂಡ.

ಹೀರಾಬಿ ಇಲ್ಲದ ಫೋಟೊ ಕಡೀಕ ಒಂದು ಬಂತು.
ಇಲ್ಲ ಅಂತ ನಾ ಅಂದ್ಕೊಂಡಿದ್ದೆ.
ಪ್ರಿಂಟ್ ಹಾಕಿಸಿ ಆಕಿಗೊಂದು ಒಯ್ದು ಕೊಟ್ಟೆ, ದಂಡ ಕಟ್ಟಿದಂಗ.
ಹತ್ತಿರ ಹಿಡದಳು, ದೂರ ಹಿಡದಳು,
ಕೆಳಗಿನ ಮೂಲಿಗೆ ಉಗುರು ಇಟ್ಟಳು:
“ಇದು ನನ್ನ ಬುಟ್ಟಿ ನೆರಳು.”
ನೋಡಿದೆ. ಹೌದು.
ಮುರಿದ ಅಂಚು ಸುದ್ದಾ ಮೂಡೇದ.
ಬಿಸಲಿಗೆ ಕಳಿಯೋ ಲೆಕ್ಕ ಬರಂಗಿಲ್ಲ.

ಈ ಸಲದ ಮಳಿ ಬ್ಯಾರೇನೇ ಇತ್ತು,
ಭೀಮಾ ಅಗಸಿ ತನಕ ಬಂದು ಹೋದಳು.
ದೀಪಾವಳಿ ದಾಟಿ ಹೋದರ, ಕಮಾನು ಇಲ್ಲ.
ಕಲ್ಲು ಅವ. ಕಲ್ಲಿನ ಮ್ಯಾಲ ಕುಳ್ಳು ಅವ,
ಒಂದೊಂದಕ್ಕೂ ಐದು ಬೆರಳಿನ ಗುರ್ತು.
ಅರಳಿ ಸಸಿ ಅಡ್ಡ ಬಿದ್ದಲ್ಲೇ ಚಿಗುರೇದ.

ಮನಿಗೆ ಬಂದು ಕಾರ್ಡ್ ಹಾಕಿದೆ.
ಏನೂ ಇಲ್ಲ, ಅಂತು ಕಂಪ್ಯೂಟರ್.
ಸ್ಟೇಷನ್ ಬಜಾರಿನ ಹುಡುಗ ಎರಡು ದಿನ ಇಟ್ಕೊಂಡು,
ಎಂಟುನೂರು ತಗೊಂಡು,
ಮಗಳ ಹುಟ್ಟಿದ ದಿನದ ಕೇಕು ಅರ್ಧ ಹುಡುಕಿ ಕೊಟ್ಟ.
ಕಮಾನು ಬರಲಿಲ್ಲ.

ಮುಂದಿನ ಐತವಾರ ಆಕಿ ಬಾಗಲಿಗೆ ನಿಂತೆ.
ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲದಾಗಿಂದ ತಗದಳು.
ನಡುವ ಒಂದು ಮಡಿಕಿ, ಅರಿಷಿಣದ ಕಲಿ;
ಉಳಿದಂಗ ಪೂರಾ ಕಮಾನು,
ಬಲಗಡೆ ನನ್ನ ಬೂಜಿನ ಮೋಡ.
“ಒಯ್ಯಬ್ಯಾಡ. ಇಲ್ಲೇ ತಕ್ಕೋ.”

ಗ್ವಾಡಿಗೆ ಆನಿಸಿದರ ಹೊಳಪು ಹೊಡೀತದ,
ನೆಲಕ್ಕಿಟ್ಟರ ಗಾಳಿಗೆ ಹಾರ್ತದ.
ಆಕಿನೇ ಹಿಡಕೊಂಡು ಅಂಗಳದಾಗ ನಿಂತಳು,
ಎದಿ ಮುಂದ, ಎರಡೂ ಕೈಲಿಂದ.
ಕೈ ತೊಳಕೊಂಡಿದ್ದಿಲ್ಲ.

ಕಣ್ಣು ಹಚ್ಚಿದೆ.
ಕಮಾನಿನ ಆಕಡಿ ಈಕಡಿ ಎರಡು ಹೆಬ್ಬೆರಳು,
ಉಗುರಿನ ಸಂದಿನಾಗ ಸಗಣಿ,
ಹಸರು ಬಳಿ, ಒಂದು ಸೀಳಿದ್ದು.
ರೂಢಿ ನೋಡ್ರಿ, “ಜರಾ” ಅಂತ ಬಾಯಿ ತಗದೆ,
ಮುಚ್ಚಿದೆ.
ಕೈ ನಡುಗ್ತು, ಆಕಿದೋ ನಂದೋ.

“ಬಂತೇನು?”
“ಬಂತ್ರಿ.”
“ಎಷ್ಟು ಬಂತು?”
“ಒಟ್ಟು,” ಅಂದೆ, “ಜರಾ ಮಬ್ಬಾಗೇದ.”
ಆಕಿ ಆಗಲೇ ಚೀಲದ ಬಾಯಿ ಕಟ್ಟಾಕ ಹತ್ತಿದ್ದಳು.